ದಪ್ಪ ಮಡೂರೊ ಸಿಗಾರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವುದು

ಕಡುಗಂದು ಅಥವಾ ಹೆಚ್ಚುಕಡಿಮೆ ಕಪ್ಪು ಹೊರಎಲೆಯ, ಕೈಯಲ್ಲಿ ಕಟ್ಟಿದ, ದಪ್ಪನೆಯ ದುಬಾರಿ ಸಿಗಾರ್‌ಗಳಿಗೆ ಮಾತ್ರ ಅನ್ವಯಿಸುವ ಕೈಪಿಡಿ ಇದು. ಅಂಗಡಿಯಲ್ಲಿ ಇವನ್ನು ಮಡೂರೊ ಎನ್ನುತ್ತಾರೆ, ಇನ್ನೂ ಕಪ್ಪಾಗಿದ್ದರೆ ಆಸ್ಕುರೊ. ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿರುವುದು 6 ಇಂಚು ಉದ್ದ, 60 ರಿಂಗ್‌ನ ‘ಗೋರ್ಡೊ’ ಅಳತೆ. ಒಂದು ರಿಂಗ್ ಎಂದರೆ ಇಂಚಿನ 64ನೇ ಒಂದು ಪಾಲು. 60 ರಿಂಗ್ ಎಂದರೆ ಸುಮಾರು 23.8 ಮಿ.ಮೀ. ವ್ಯಾಸ.

ಮಡೂರೊ ಎಂಬ ಸ್ಪ್ಯಾನಿಷ್ ಪದಕ್ಕೆ ‘ಮಾಗಿದ್ದು’ ಎಂದರ್ಥ. ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ ಬ್ರಾಡ್‌ಲೀಫ್, ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದ ಸಾನ್ ಆಂಡ್ರೆಸ್ ಕಣಿವೆಯ ಎಲೆ, ಬ್ರೆಜಿಲ್‌ನ ಮಾಟಾ ಫಿನಾ, ಈ ಮೂರೂ ಮಡೂರೊಗೆ ಹೆಸರಾದವು. ಒಣಗಿದ ಎಲೆಗಳನ್ನು ದೊಡ್ಡ ರಾಶಿ ಹಾಕಿ, ರಾಶಿ ತನ್ನೊಳಗೇ ಬಿಸಿಯೇರಿ ಮಾಗುವಂತೆ ತಿಂಗಳುಗಟ್ಟಲೆ ಬಿಡುತ್ತಾರೆ, ನಡುನಡುವೆ ಮಗುಚುತ್ತಾರೆ. ತಿಳಿಬಣ್ಣದ ಎಲೆಗಿಂತ ಇದಕ್ಕೆ ಹೆಚ್ಚು ಕಾಲ, ಹೆಚ್ಚು ಶಾಖ ಬೇಕು. ತೆಳು ಎಲೆ ಅಷ್ಟು ಶಾಖಕ್ಕೆ ಹರಿದುಹೋಗುತ್ತದೆ. ಆದ್ದರಿಂದ ಮಡೂರೊಗೆ ಆರಿಸುವುದೇ ದಪ್ಪ, ಎಣ್ಣೆಯಂಶದ ಎಲೆ. ದಪ್ಪ ಎಲೆ ನಿಧಾನ ಉರಿಯುತ್ತದೆ, ತೇವ ಹಿಡಿದುಕೊಳ್ಳುತ್ತದೆ. ಒಳಗಿನ ಎಲೆ ಮುಂದೆ ಓಡುತ್ತದೆ, ಹೊರಎಲೆ ಹಿಂದೆ ಉಳಿಯುತ್ತದೆ. ಕೆಳಗಿನ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಹುಟ್ಟುವಂಥವು, ಮತ್ತು ಅವುಗಳಲ್ಲಿ ಬಹುಪಾಲು ಕಟ್ಟಿದವರ ತಪ್ಪಲ್ಲ. ಇಟ್ಟ ಜಾಗದ ತೇವ ಮತ್ತು ಎಳೆಯುವವರ ಆತುರ, ಇವೆರಡನ್ನು ಮೊದಲು ಅನುಮಾನಿಸಿ.

ಮುಂದೆ ಸಿಗಾರಿನ ‘ತಲೆ’ ಎಂದರೆ ಬಾಯಿಗಿಡುವ, ಮುಚ್ಚಿದ ತುದಿ. ‘ಬುಡ’ ಎಂದರೆ ಬೆಂಕಿ ಹಚ್ಚುವ, ತೆರೆದ ತುದಿ.

ತಲೆ ಸುತ್ತುತ್ತಿದೆ, ತಣ್ಣನೆ ಬೆವರು, ಓಕರಿಕೆ

ಇದು ಮೊದಲಿಗೇ ಇರಲಿ. ಈಗ ಇದೇ ಆಗುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿದರಾಯಿತು.

ಸಿಗಾರನ್ನು ಕೆಳಗಿಡಿ. ‘ಇನ್ನೆರಡು ದಮ್ಮು’ ಬೇಡ. ಗಾಳಿಯಾಡುವ ಕಡೆ ಕುಳಿತುಕೊಳ್ಳಿ ಅಥವಾ ಒಂದು ಪಕ್ಕಕ್ಕೆ ಮಲಗಿ, ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸಕ್ಕರೆ ಅಥವಾ ಬೆಲ್ಲದ ನೀರು ಹಲವರಿಗೆ ಹಿತವೆನಿಸುತ್ತದೆ, ಆದರೆ ಅದು ಮದ್ದಲ್ಲ. ಸ್ಕೂಟರ್, ಕಾರು ಓಡಿಸಬೇಡಿ. ಇದು ನಿಕೋಟಿನ್ ಅತಿಯಾದ ಲಕ್ಷಣ. ದೇಹದಲ್ಲಿರುವ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು 2 ಗಂಟೆ ಬೇಕು. ಸಾಮಾನ್ಯವಾಗಿ ಅಷ್ಟರೊಳಗೆ ತಹಬಂದಿಗೆ ಬರುತ್ತದೆ.

ನಿಲ್ಲದ ವಾಂತಿ, ಎದೆನೋವು, ಎದೆಬಡಿತದ ತಾಳ ತಪ್ಪುವುದು, ಉಸಿರಾಟದ ತೊಂದರೆ, ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಸಾಕು ಮಾಡಿ 108 ಅಥವಾ 112ಕ್ಕೆ ಕರೆ ಮಾಡಿ. ಮಗುವೋ ನಾಯಿಯೋ ಸಿಗಾರ್ ತುಂಡನ್ನು ಅಗಿದು ನುಂಗಿದ್ದರೆ ಲಕ್ಷಣಕ್ಕಾಗಿ ಕಾಯಲೇಬೇಡಿ. ಮಗುವನ್ನು ಆಸ್ಪತ್ರೆಗೆ, ನಾಯಿಯನ್ನು ಪಶುವೈದ್ಯರ ಬಳಿಗೆ ಕೂಡಲೇ ಒಯ್ಯಿರಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ.

‘ಹೊಗೆ ನುಂಗಲೇ ಇಲ್ಲ, ಆದರೂ ಯಾಕೆ ಸುತ್ತು?’ ಎಂಬುದು ಪ್ರತಿ ಹೊಸಬರ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ನಲ್ಲಿ ಬಿಸಿಗಾಳಿ ಕೊಟ್ಟು ಬೇಯಿಸುವ ಹೊಗೆಸೊಪ್ಪು ಸಿಗರೇಟಿನದು. ಅದರ ಹೊಗೆ ತುಸು ಆಮ್ಲೀಯ, ನಿಕೋಟಿನ್ ಮುಖ್ಯವಾಗಿ ಶ್ವಾಸಕೋಶದಿಂದ ಒಳಸೇರುತ್ತದೆ. ಸಿಗಾರಿನ ಎಲೆಯನ್ನು ನೆರಳಿನ ಗಾಳಿಯಲ್ಲಿ ಒಣಗಿಸಿ ಹುದುಗಿಸುತ್ತಾರೆ. ಅದರ ಹೊಗೆ ಕ್ಷಾರೀಯ, ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಇಳಿಯುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಸಿಗರೇಟ್ ಪ್ಯಾಕಿನಷ್ಟು ತಂಬಾಕು ಇರಬಹುದು. ಹೊಗೆ ನುಂಗದವರಿಗೂ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಅಪಾಯವಿಲ್ಲದ ಸಿಗಾರ್ ಎಂಬುದಿಲ್ಲ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ದೂರವೇ ಇರಬೇಕು. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ದನಿ ಒಡೆದಿರುವುದು ಕಂಡರೆ ದಂತವೈದ್ಯರಿಗೋ ಕಿವಿ-ಮೂಗು-ಗಂಟಲು ವೈದ್ಯರಿಗೋ ತೋರಿಸಿ.

ತಲೆಸುತ್ತು ಬಾರದಂತೆ ಮಾಡುವ ಅಗ್ಗದ ಉಪಾಯ ಹೊಟ್ಟೆ ತುಂಬ ಊಟ. ಎರಡನೆಯದು, ನಿಮಿಷಕ್ಕೆ ಒಂದೇ ದಮ್ಮು. ಮೂರನೆಯದು, ಪೂರ್ತಿ ಮುಗಿಸಲೇಬೇಕೆಂಬ ಹಟ ಬಿಡುವುದು. 60 ರಿಂಗಿನದು ಕೊನೆಯವರೆಗೆ ಹೋದರೆ ಒಂದೂವರೆ ಗಂಟೆಯ ಬಾಬ್ತು.

ಬೆಂಕಿ ಹಚ್ಚುವ ಮೊದಲೇ ಸಿಗುವ ಸುಳಿವುಗಳು

ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತಲೆಯಿಂದ ಬುಡದವರೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ತುಸು ತಗ್ಗಿ ಮತ್ತೆ ಮೇಲೆದ್ದರೆ ಹದ ಸರಿಯಿದೆ. ಸ್ಪಂಜಿನಂತೆ ಮೆತ್ತಗಿದ್ದು ತಗ್ಗು ಹಾಗೇ ಉಳಿದರೆ ತೇವ ಜಾಸ್ತಿ. ಹಪ್ಪಳದ ಹಾಗೆ ಚರಚರ ಎಂದರೆ ಒಣಗಿದೆ. ಇಡೀ ಸಿಗಾರ್ ಸಮವಾಗಿದ್ದು ಒಂದೇ ಕಡೆ ಕಲ್ಲಿನಂಥ ಗಂಟು ಸಿಕ್ಕರೆ ಅಲ್ಲಿ ದಮ್ಮು ಕಟ್ಟುತ್ತದೆ. ಒಂದೇ ಕಡೆ ಪೊಳ್ಳಾಗಿದ್ದರೆ ಕೆಂಡ ಅಲ್ಲಿಗೆ ಬಂದಾಗ ಓಡುತ್ತದೆ.

ಮಡೂರೊ ಎಲೆಯ ಮೇಲೆ ಸಣ್ಣ ಸಣ್ಣ ಬೊಕ್ಕೆಗಳು, ದಪ್ಪ ನರ, ಅಲ್ಲಲ್ಲಿ ಬಣ್ಣದ ಏರಿಳಿತ ಕಂಡರೆ ಗಾಬರಿ ಬೇಡ. ಬ್ರಾಡ್‌ಲೀಫ್ ನೋಡಲು ಒರಟೇ. ಇಸ್ತ್ರಿ ಮಾಡಿದಂತೆ ಒಂದೇ ಸಮನೆ ಮಸಿಗಪ್ಪಾಗಿರುವುದಕ್ಕಿಂತ ಈ ಒರಟುತನವೇ ಹೆಚ್ಚು ಭರವಸೆ ಕೊಡುತ್ತದೆ. ಯಾಕೆಂದು ಮುಂದೆ ‘ತುಟಿ, ಬೆರಳು ಕಪ್ಪಾಗುತ್ತಿದೆ’ ಎಂಬಲ್ಲಿ ಹೇಳಿದೆ.

ಎಳೆದರೆ ಕೆನ್ನೆ ಒಳಗೆ ಹೋಗುತ್ತದೆ, ಹೊಗೆ ಬರುವುದಿಲ್ಲ

ಮೊದಲು ನೋಡಬೇಕಾದ್ದು ಕತ್ತರಿಸಿದ ಜಾಗ. ದಪ್ಪ ಸಿಗಾರಿಗೆ ಪಂಚ್‌ನಿಂದ ಮಾಡಿದ 8-9 ಮಿ.ಮೀ. ತೂತು ಹಲವು ಸಲ ಸಾಲುವುದಿಲ್ಲ. ಎಣ್ಣೆಯಂಶ ಆ ಕಿರುತೂತಿನ ಸುತ್ತ ಅಂಟಿ ಟಾರಿನಂತೆ ಕಟ್ಟಿಕೊಳ್ಳುತ್ತದೆ. ಎರಡಲಗಿನ ಕಟ್ಟರ್‌ನಿಂದ ತಲೆಯನ್ನು 2 ಮಿ.ಮೀ.ಯಷ್ಟು ನೇರವಾಗಿ ಕತ್ತರಿಸಿ. ತಲೆಗೆ ಅಂಟಿಸಿದ ಟೋಪಿ ಎಲೆಯ ಅಂಚು ಒಂದು ಗೆರೆಯಂತೆ ಕಾಣುತ್ತದೆ, ಕಟ್ಟರ್ ಆ ಗೆರೆಗಿಂತ ಮೇಲೆಯೇ ಇರಬೇಕು. ಗೆರೆ ದಾಟಿದರೆ ಹೊರಎಲೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹಳೆಯ ಕಟ್ಟರ್‌ಗಳ ಬಾಯಿ 60 ರಿಂಗ್‌ಗೆ ಚಿಕ್ಕದಾಗಬಹುದು. ತಲೆಯನ್ನು ತುರುಕಿ ಕತ್ತರಿಸಿದರೆ ಜಜ್ಜಿದ ಅಂಚೇ ದಾರಿ ಮುಚ್ಚುತ್ತದೆ.

ಬೆಂಕಿ ಹಚ್ಚುವ ಮೊದಲು ಹಾಗೆಯೇ ಎಳೆದು ನೋಡುವುದನ್ನು ರೂಢಿಸಿಕೊಳ್ಳಿ. ಮಂದವಾದ ಮಜ್ಜಿಗೆಯನ್ನು ಸ್ಟ್ರಾದಲ್ಲಿ ಎಳೆದಷ್ಟು ತಡೆ ಇದ್ದರೆ ಸರಿ. ಗಟ್ಟಿ ಮೊಸರನ್ನು ಎಳೆದಂತಿದ್ದರೆ ಇನ್ನೊಂದು ಮಿಲಿಮೀಟರ್ ಕತ್ತರಿಸಿ.

ಆಗಲೂ ಬಿಗಿಯೇ? ಗಂಟು ಸಿಕ್ಕ ಜಾಗವನ್ನು ಎರಡು ಬೆರಳ ನಡುವೆ ಮೆಲ್ಲಗೆ ಉರುಳಿಸಿ, ಅರ್ಧ ನಿಮಿಷ ಸಾಕು. ಸಿಗಾರ್ ಒಣಗಿದ್ದರೆ ಇದನ್ನು ಮಾಡಬೇಡಿ, ಹೊರಎಲೆ ಸೀಳುತ್ತದೆ.

ಮೂರನೆಯ ಅನುಮಾನ ತೇವ. ನೀರು ಕುಡಿದ ಎಲೆ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ. ಈ ಸಿಗಾರನ್ನು ಇವತ್ತು ಬಿಡಿ. ಬೆಂಗಳೂರಿನ ಮಾರ್ಚ್ ತಿಂಗಳಾದರೆ ಖಾಲಿ ಮರದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಸಾಕು. ಮಂಗಳೂರಿನ ಜುಲೈ ಆದರೆ ಹೊರಗಿಟ್ಟಷ್ಟೂ ಇನ್ನಷ್ಟು ತೇವ ಕುಡಿಯುತ್ತದೆ. ಅಲ್ಲಿ 62 ಶೇಕಡಾದ ತೇವನಿಯಂತ್ರಕ ಪ್ಯಾಕೆಟ್ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಇಡಬೇಕು. ಬಿಸಿಲಿಗೆ, ಫ್ಯಾನಿನ ಕೆಳಗೆ, ಅಕ್ಕಿ ಡಬ್ಬಿಗೆ ಹಾಕುವುದು ಬೇಡ: ಹೊರಎಲೆ ಒಳಗಿಗಿಂತ ಬೇಗ ಒಣಗಿ ಬಿರಿಯುತ್ತದೆ.

ಕೊನೆಯ ಅಸ್ತ್ರ ಚುಚ್ಚುವ ಕಡ್ಡಿ. ಇದಕ್ಕೆಂದೇ ಮುಳ್ಳಿನಂಥ ಹಲ್ಲುಗಳಿರುವ ತೆಳು ಸ್ಟೀಲ್ ಕಡ್ಡಿ ಸಿಗುತ್ತದೆ. ತಲೆಯ ಮಧ್ಯದಿಂದ, ನೇರವಾಗಿ, ತಿರುಗಿಸುತ್ತಾ ಒಳಬಿಟ್ಟು, ಹೊರಗೆಳೆಯುವಾಗ ಎಲೆಚೂರು ಬರಲಿ. ಎರಡು-ಮೂರು ಸಲಕ್ಕೆ ನಿಲ್ಲಿಸಿ. ಬಿದಿರಿನ ಕಡ್ಡಿಯಿಂದ ತಳ್ಳಿದರೆ ಎಲೆ ಹೊರಬಾರದೆ ಪಕ್ಕಕ್ಕೆ ಒತ್ತರಿಸಿ ಗಂಟು ಮತ್ತಷ್ಟು ಗಟ್ಟಿಯಾಗುತ್ತದೆ, ಓರೆಯಾದರೆ ಹೊರಎಲೆಯನ್ನೇ ತೂರಿಬಿಡುತ್ತದೆ. ಉರಿಯುತ್ತಿರುವಾಗ ಕೆಂಡದವರೆಗೆ ಕಡ್ಡಿ ಇಳಿಸಬೇಡಿ.

ಇಷ್ಟಾದರೂ ಬಾರದಿದ್ದರೆ ಕಟ್ಟುವಾಗಲೇ ಒಳಎಲೆಗಳು ತಿರುಚಿಕೊಂಡಿವೆ ಅಥವಾ ಮಿತಿಮೀರಿ ತುಂಬಿದ್ದಾರೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ದವಡೆ ನೋಯಿಸಿಕೊಂಡು ಎಳೆಯುವುದು ಬಿಟ್ಟು ಅಂಗಡಿಗೆ ತೋರಿಸಿ.

ತುಂಬಾ ಸಡಿಲ, ಹೊಗೆ ಬಿಸಿ

ಎಲೆ ಕಡಿಮೆ ತುಂಬಿದೆ ಅಥವಾ ಒಣಗಿದೆ. ಒಣಗಿದ್ದರೆ ಉಳಿದವನ್ನು ತೇವಕ್ಕೆ ತರಬಹುದು. ಕಡಿಮೆ ತುಂಬಿದ್ದರೆ ದಮ್ಮಿನ ನಡುವೆ ಒಂದೂವರೆ ನಿಮಿಷ ಬಿಡುವುದೊಂದೇ ದಾರಿ.

ಮತ್ತೆ ಮತ್ತೆ ಆರುತ್ತದೆ

ದಪ್ಪ ಮಡೂರೊ ಒಂದೆರಡು ಸಲ ಆರಿದರೆ ಅದು ದೋಷವಲ್ಲ. ಹತ್ತು ನಿಮಿಷಕ್ಕೊಮ್ಮೆ ಆರಿದರೆ ಕಾರಣ ಹುಡುಕಿ.

ಹೆಚ್ಚಿನ ಸಲ ತಪ್ಪು ಹಚ್ಚಿದ ಬಗೆಯಲ್ಲೇ ಇರುತ್ತದೆ. 60 ರಿಂಗಿನ ಬುಡ 50 ರಿಂಗಿನದಕ್ಕಿಂತ ವ್ಯಾಸದಲ್ಲಿ ಐದರಲ್ಲೊಂದು ಪಾಲು ಹೆಚ್ಚು ಅಷ್ಟೆ, ಆದರೆ ವಿಸ್ತೀರ್ಣದಲ್ಲಿ 44 ಶೇಕಡಾ ಹೆಚ್ಚು. ಒಂದು ಬೆಂಕಿಕಡ್ಡಿಯಲ್ಲಿ ಅಷ್ಟು ಜಾಗ ಹೊತ್ತುವುದಿಲ್ಲ. ಬ್ಯುಟೇನ್ ಲೈಟರ್‌ನ ಜ್ವಾಲೆಯನ್ನು ಬುಡದಿಂದ ಒಂದೆರಡು ಸೆಂ.ಮೀ. ದೂರ ಹಿಡಿದು, ಸಿಗಾರನ್ನು ತಿರುಗಿಸುತ್ತಾ, ಮೊದಲು ಬುಡವನ್ನು ಸುತ್ತಲೂ ಸುಟ್ಟು ಕಪ್ಪಾಗಿಸಿ. ಅಂಚು ಬೂದಿಬಣ್ಣಕ್ಕೆ ತಿರುಗಿದ ಮೇಲೆ ಬಾಯಿಗಿಟ್ಟು ಎರಡು-ಮೂರು ಮೆಲುದಮ್ಮು ಎಳೆಯಿರಿ. ಆಮೇಲೆ ಬುಡವನ್ನು ನಿಮ್ಮ ಕಡೆ ತಿರುಗಿಸಿ ಮೆಲ್ಲಗೆ ಊದಿ ನೋಡಿ: ಕೆಂಡ ಪೂರ್ತಿ ವೃತ್ತದಲ್ಲಿ ಹೊಳೆಯಬೇಕು. ಕಪ್ಪು ಚುಕ್ಕೆ ಉಳಿದ ಕಡೆ ಮತ್ತೆ ಜ್ವಾಲೆ ತೋರಿಸಿ. ಎರಡು ನಿಮಿಷ ಹಿಡಿದರೂ ಸರಿಯೇ. ಪೆಟ್ರೋಲ್ ತುಂಬುವ ಲೈಟರ್, ಮೇಣದಬತ್ತಿ, ಗ್ಯಾಸ್ ಒಲೆ ಬೇಡ. ಮೊದಲೆರಡರ ವಾಸನೆ ಎಲೆಗೆ ಹಿಡಿಯುತ್ತದೆ, ಮೂರನೆಯದರಲ್ಲಿ ಹುಬ್ಬು ಸುಡುತ್ತದೆ. ಲೈಟರ್‌ಗೆ ಗ್ಯಾಸ್ ತುಂಬುವಾಗ ಹತ್ತಿರ ಬೆಂಕಿ ಇರಬಾರದು. ತುಂಬಿದ ಮೇಲೆ ಐದು ನಿಮಿಷ ಬಿಟ್ಟು ಹಚ್ಚಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಲೈಟರ್ ಬಿಡಬೇಡಿ.

ಹಚ್ಚಿದ್ದು ಸರಿಯಿದ್ದರೆ ದಮ್ಮಿನ ಅಂತರ ನೋಡಿ. ಮಾತಿಗೆ ಕೂತು ಮೂರು-ನಾಲ್ಕು ನಿಮಿಷ ಮರೆತರೆ ಆರುವುದು ಸಹಜ. ಅಂತರವೂ ಸರಿಯಿದ್ದರೆ ತೇವ. ತೇವವೂ ಸರಿಯಿದ್ದು, ಅದೂ ನಡುಭಾಗ ದಾಟಿದ ಮೇಲೆ ಆರುತ್ತಿದ್ದರೆ, ಒಳಗೆ ಲಿಗೆರೊ ಹೆಚ್ಚಿರಬಹುದು. ಲಿಗೆರೊ ಎಂದರೆ ಗಿಡದ ಮೇಲ್ಭಾಗದ, ಬಿಸಿಲುಂಡ, ದಪ್ಪ, ಖಾರದ ಎಲೆ. ಅದು ಉರಿಯಲು ಸೋಮಾರಿ. ಕಟ್ಟುವವರು ಅದನ್ನು ನಟ್ಟನಡುವೆ ಇಟ್ಟು, ಸುತ್ತ ಗಿಡದ ನಡುಭಾಗದ ಸೆಕೊ ಮತ್ತು ಉರಿಗೆ ಒದಗುವ ವೊಲಾಡೊ ಎಲೆ ಹಾಕುತ್ತಾರೆ. ಈ ಪ್ರಮಾಣ ತಪ್ಪಿದರೆ ನೀವೇನೂ ಮಾಡಲಾಗದು.

ಆರಿದ್ದನ್ನು ಮತ್ತೆ ಹಚ್ಚುವ ಮುನ್ನ ಬೂದಿ ಉದುರಿಸಿ, ಒಳಗಿನ ಹಳೇ ಹೊಗೆ ಹೊರಹೋಗುವಂತೆ ಒಮ್ಮೆ ಹೊರಮುಖವಾಗಿ ಊದಿ, ಆಮೇಲೆ ಜ್ವಾಲೆ ಕೊಡಿ. ಒಂದು ಗಂಟೆಯೊಳಗಾದರೆ ರುಚಿ ಹೆಚ್ಚು ಕೆಡುವುದಿಲ್ಲ. ರಾತ್ರಿ ಬಿಟ್ಟು ಬೆಳಿಗ್ಗೆ ಹಚ್ಚಿದರೆ ಕಮಟು ಖಂಡಿತ.

ಒಂದು ಪಕ್ಕ ಓಡಿತು, ಇನ್ನೊಂದು ಹಿಂದೆ ಉಳಿಯಿತು

ಉರಿಗೆರೆ ದೋಣಿಯಂತೆ ಓರೆಯಾಗುವ ದೋಷ ಇದು. ಅರ್ಧ ಸೆಂ.ಮೀ.ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಮುಟ್ಟಬೇಡಿ. ಹಿಂದುಳಿದ ಪಕ್ಕ ಕೆಳಗೆ ಬರುವಂತೆ ತಿರುಗಿಸಿ ಹಿಡಿದರೆ ಬಹಳ ಸಲ ತಾನೇ ಸರಿಹೋಗುತ್ತದೆ. ಗಾಳಿ ಒಂದೇ ಕಡೆಯಿಂದ ಬೀಸುತ್ತಿದೆಯೇ, ಮೇಲೆ ಫ್ಯಾನ್ ಇದೆಯೇ ನೋಡಿ, ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಒಂದು ಸೆಂ.ಮೀ. ದಾಟಿದರೆ ಹಿಂದುಳಿದ ಹೊರಎಲೆಯ ಅಂಚಿಗೆ ಮಾತ್ರ, ಎಳೆಯದೆ, ಜ್ವಾಲೆಯ ತುದಿ ತೋರಿಸಿ. ಎಳೆಯುತ್ತಾ ತೋರಿಸಿದರೆ ಒಳಗಿನದು ಇನ್ನೂ ಮುಂದೋಡುತ್ತದೆ. ಎರಡು ಸಲ ತಿದ್ದಿದ ಮೇಲೂ ಅದೇ ಪಕ್ಕ ಓಡಿದರೆ ಹಚ್ಚಿದ್ದರ ತಪ್ಪಲ್ಲ, ಲಿಗೆರೊ ನಡುವಿನಿಂದ ಪಕ್ಕಕ್ಕೆ ಸರಿದಿದೆ ಅಥವಾ ಆ ಪಕ್ಕ ಪೊಳ್ಳು.

ಹೊರಎಲೆ ನಿಂತಿದೆ, ಒಳಗೆ ಸುರಂಗ

ದಪ್ಪ ಮಡೂರೊಗಳಿಗೇ ಮೀಸಲು ಎನ್ನುವಂಥ ತೊಂದರೆ. ಬೂದಿ ತಟ್ಟಿದಾಗ ಹೊರಎಲೆಯ ಕೊಳವೆ ಉಳಿದು, ಕೆಂಡ ಒಳಗೆಲ್ಲೋ ಕುಳಿತಿರುತ್ತದೆ. ಹೊರಎಲೆ ತೇವವಾಗಿ ಒಳಗಿನದು ಒಣಗಿದ್ದಾಗ ಹೀಗಾಗುತ್ತದೆ. ಒಣಗಿದ ಸಿಗಾರನ್ನು ಒಂದೇ ವಾರದಲ್ಲಿ 70 ಶೇಕಡಾ ತೇವಕ್ಕೆ ಏರಿಸಿದರೆ ಇದು ಗ್ಯಾರಂಟಿ. ತುಂಬ ನಿಧಾನ ಎಳೆದರೂ ಬರುತ್ತದೆ. ಉಳಿದ ಕಡೆಯೆಲ್ಲ ನಿಧಾನ ಎಂದವರು ಇಲ್ಲಿ ಮಾತು ಬದಲಿಸಬೇಕಾಗಿದೆ: ಸುರಂಗ ಕಂಡಾಗ ಐದು ನಿಮಿಷದ ಮಟ್ಟಿಗೆ ದಮ್ಮಿನ ಅಂತರ ತುಸು ಕಡಿಮೆ ಮಾಡಿ, ಬೂದಿ ಉದುರಿಸಿ, ಹೊರ ಅಂಚಿಗೆ ಸುತ್ತಲೂ ಜ್ವಾಲೆ ಕೊಡಿ. ಸುರಂಗ ಎರಡು ಸೆಂ.ಮೀ. ದಾಟಿದ್ದರೆ ಪೊಳ್ಳಾದ ಕೊಳವೆಯನ್ನು ಕತ್ತರಿಸಿ ತೆಗೆದು ಹೊಸದಾಗಿ ಹಚ್ಚುವುದೇ ಸುಲಭ. ಕತ್ತರಿಸಿದ ಚೂರಿನಲ್ಲಿ ಕೆಂಡ ಇರುತ್ತದೆ, ಲೋಹದ ಆಶ್‌ಟ್ರೇಯಲ್ಲಿ ಹಾಕಿ.

ಹೊರಎಲೆ ಬಿರಿಯಿತು, ಬಿಚ್ಚಿಕೊಂಡಿತು

ಬಿರುಕು ಬುಡದಿಂದ ಮೇಲಕ್ಕೆ ಓಡಿದ್ದರೆ ತೇವದ ಹಠಾತ್ ಬದಲಾವಣೆ. ತೇವದ ಪೆಟ್ಟಿಗೆಯಿಂದ ತೆಗೆದು ನೇರ ಎ.ಸಿ. ಕೋಣೆಯಲ್ಲಿ ಹಚ್ಚಿದಾಗ ಹೊರಎಲೆ ಕುಗ್ಗುತ್ತದೆ, ಒಳಗಿನ ತೇವ ಬಿಸಿಗೆ ಹಿಗ್ಗುತ್ತದೆ. ಬಿರುಕು ತಲೆಯಲ್ಲಿದ್ದರೆ ಕತ್ತರಿಸಿದ್ದು ಆಳವಾಯಿತು ಅಥವಾ ಹಲ್ಲಿನಿಂದ ಕಚ್ಚಿದ್ದೀರಿ. ನಡುವೆ ಇದ್ದರೆ ಸಿಗಾರಿಗೆ ಸುತ್ತಿದ, ಹೆಸರಿರುವ ಕಾಗದದ ಪಟ್ಟಿ ಕೀಳುವ ಆತುರ. ಮೊದಲ 3-4 ಸೆಂ.ಮೀ. ಉರಿದು ಅಂಟು ಬಿಸಿಗೆ ಸಡಿಲವಾದ ಮೇಲಷ್ಟೇ ಪಟ್ಟಿ ತೆಗೆಯಿರಿ.

ಚಿಕ್ಕ ಬಿರುಕಿಗೆ ಏನೂ ಮಾಡಬೇಕಿಲ್ಲ, ಕೆಂಡ ದಾಟಿಕೊಂಡು ಹೋಗುತ್ತದೆ. ಎಲೆ ಎದ್ದು ನಿಂತಿದ್ದರೆ ಜ್ಯಾಮ್‌ಗೆ ಬಳಸುವ ಪೆಕ್ಟಿನ್ ಪುಡಿಯನ್ನು ಹನಿ ನೀರಲ್ಲಿ ಕಲಸಿ, ಬೆರಳ ತುದಿಯಿಂದ ಸವರಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಫೆವಿಕಾಲ್, ಸೆಲೋಟೇಪ್ ಯಾವ ಕಾರಣಕ್ಕೂ ಬೇಡ, ಅವುಗಳ ಹೊಗೆಯನ್ನೇ ಎಳೆಯಬೇಕಾಗುತ್ತದೆ. ಕಿತ್ತ ಪಟ್ಟಿಯನ್ನೇ ಬಿರುಕಿನ ಮೇಲೆ ಜಾರಿಸಿ, ಕೆಂಡ ಬರುವ ಮೊದಲು ತೆಗೆಯುವುದೂ ಆಗುತ್ತದೆ.

ಕಹಿ, ಘಾಟು, ಮೂಗಿಗೆ ಅಮೋನಿಯಾ

ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ, ಆದರೆ ಮೂರೂ ಬೇರೆ.

ಟಾರು ನಾಲಿಗೆಗೆ ಅಂಟಿದಂಥ ಕಹಿ, ಕೊನೆಯ ಮೂರನೇ ಒಂದು ಭಾಗದಲ್ಲಿ: ಸಿಗಾರ್ ಕಾದಿದೆ. ಎರಡು ನಿಮಿಷ ಕೆಳಗಿಡಿ, ಒಮ್ಮೆ ಹೊರಗೆ ಊದಿ. ತಲೆಯ ಅಂಚಲ್ಲಿ ಕಪ್ಪು ಅಂಟು ಕಂಡರೆ ಒರೆಸಿ ಅಥವಾ ಒಂದು ಮಿ.ಮೀ. ಮತ್ತೆ ಕತ್ತರಿಸಿ. ಕಹಿ ಹೋಗದಿದ್ದರೆ ಅಲ್ಲಿಗೆ ಸಿಗಾರ್ ಮುಗಿಯಿತು. ಬೆರಳು ಸುಡುವವರೆಗೆ ಎಳೆದರೆ ಅದು ಮಿತವ್ಯಯವಲ್ಲ.

ಮೊದಲ ದಮ್ಮಿಗೇ ಸುಟ್ಟ ಇದ್ದಿಲ ಕಹಿ: ಜ್ವಾಲೆಯನ್ನು ಬುಡಕ್ಕೆ ತಾಗಿಸಿ ಹಚ್ಚಿದ್ದೀರಿ. ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತದೆ.

ಕೊಟ್ಟಿಗೆ ಮೂಲೆಯ ಗಂಜಲದಂಥ, ಕಣ್ಣುರಿಸುವ ವಾಸನೆ: ಇದು ಅಮೋನಿಯಾ. ಹುದುಗುವಾಗ ಎಲೆ ಇದನ್ನು ಹೊರಬಿಡುತ್ತದೆ. ಪೂರ್ತಿ ಬಿಡುವ ಮುನ್ನ ಕಟ್ಟಿ ಮಾರಿದರೆ ಸಿಗಾರ್ ‘ಹಸಿ’ ಇರುತ್ತದೆ. ಎಷ್ಟು ನಿಧಾನ ಎಳೆದರೂ ಈ ವಾಸನೆ ಹೋಗದು. ಉಳಿದವನ್ನು 65 ಶೇಕಡಾ ತೇವದಲ್ಲಿ ಕೆಲವು ತಿಂಗಳು ಮಲಗಿಸಿ. ಪೆಟ್ಟಿಗೆ ತೆರೆದಾಗ ಮೂಗಿಗೆ ಹೊಡೆಯದಿದ್ದರೆ ಮಾಗಿದೆ ಎಂದು ತಿಳಿಯಿರಿ. ತೇವ ಹೆಚ್ಚಾದ ಸಿಗಾರಿನ ಹುಳಿಗಹಿಯನ್ನು ಅಮೋನಿಯಾ ಎಂದು ತಪ್ಪು ತಿಳಿಯುವವರೂ ಇದ್ದಾರೆ. ಬೆರಳಿಂದ ಒತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬಿಳಿ ಪುಡಿ, ಸೂಜಿತೂತು

ಹೊರಎಲೆಯ ಮೇಲೆ ಬಿಳಿ ಕಂಡರೆ ‘ಹಳೆಯ ಸಿಗಾರಿನ ಹೂವು, ಒಳ್ಳೆಯ ಗುರುತು’ ಎಂದು ಹೇಳುವವರಿದ್ದಾರೆ. ನಂಬಬೇಡಿ. ಮನೆಯಲ್ಲಿ ಕಾಣುವ ಬಿಳಿ ಬಹುತೇಕ ಬೂಷ್ಟೇ. ಹೊರಮೈಯಲ್ಲಿ ಒಂದೆರಡು ಚುಕ್ಕೆಯಿದ್ದರೆ ಕೆಲವರು ಒರೆಸಿ ಸೇದುತ್ತಾರೆ. ಬುಡದೊಳಗೆ ಇದ್ದರೆ, ಹಸಿರು-ನೀಲಿ ಬಣ್ಣ ಅಥವಾ ಹತ್ತಿಯಂಥ ರೋಮ ಇದ್ದರೆ ಎಸೆಯಿರಿ. ಆಸ್ತಮಾ ಇರುವವರು ಇದರಲ್ಲಿ ಚೌಕಾಸಿ ಮಾಡಬಾರದು.

ಒಂದೂವರೆ-ಎರಡು ಮಿ.ಮೀ.ಯ ಗುಂಡನೆ ತೂತು, ಪೆಟ್ಟಿಗೆಯ ತಳದಲ್ಲಿ ಕಂದು ಹುಡಿ: ತಂಬಾಕು ದುಂಬಿ. ಮೊಟ್ಟೆ ಎಲೆಯಲ್ಲೇ ಬಂದಿರುತ್ತದೆ, 24-25 ಡಿಗ್ರಿ ದಾಟಿದ ಮೇಲೆ ಒಡೆಯುವ ಅಪಾಯ ಹೆಚ್ಚು. ನಮ್ಮ ಬೇಸಿಗೆಗೆ ಅಷ್ಟು ಸಾಕು. ತೂತಾದವನ್ನು ಬಿಸಾಡಿ. ಉಳಿದವನ್ನು ಎರಡು ಪದರ ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಫ್ರೀಜರ್‌ನಲ್ಲಿ ಮೂರು ದಿನ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು, ಕೊನೆಗೆ ಚೀಲ ತೆರೆಯದೆಯೇ ಕೋಣೆಯ ಬಿಸಿಗೆ ತನ್ನಿ. ಆತುರಪಟ್ಟರೆ ಹೊರಎಲೆ ಬಿರಿಯುತ್ತದೆ. ಫ್ರೀಜರ್‌ನ ಹೊಣೆ ಹುಳ ಕೊಲ್ಲುವುದು ಮಾತ್ರ, ಸಿಗಾರ್ ಕಾಪಾಡುವ ಜಾಗ ಅದಲ್ಲ.

ಬೂಷ್ಟು, ಒಣಗು ಎರಡೂ ಪದೇಪದೇ ಬಂದರೆ ತೇವಮಾಪಕ ಸುಳ್ಳು ಹೇಳುತ್ತಿರಬಹುದು. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು, ಕೆಸರಿನಂತಾಗುವಷ್ಟು ಹನಿ ನೀರು ಹಾಕಿ. ಉಪ್ಪು ಕರಗಿ ಹೋಗಬಾರದು. ಮಾಪಕದ ಜತೆ ಜಿಪ್ ಚೀಲದಲ್ಲಿ 24 ಗಂಟೆ ಇಡಿ. 75 ತೋರಿಸಬೇಕು. 71 ತೋರಿಸಿದರೆ ಆ ಮಾಪಕ ಯಾವಾಗಲೂ 4 ಕಡಿಮೆ ಹೇಳುತ್ತದೆ. ಮಡೂರೊಗೆ 65ರ ಆಸುಪಾಸು ಒಳ್ಳೆಯ ಹದ, ಡಬ್ಬಿಗಳ ಮೇಲೆ ಬರೆದಿರುವ 70 ದಪ್ಪ ಎಲೆಗೆ ಜಾಸ್ತಿಯಾಯಿತು.

ತುಟಿ, ಬೆರಳು ಕಪ್ಪಾಗುತ್ತಿದೆ

ಒದ್ದೆ ಬಿಳಿ ಟಿಶ್ಯೂವನ್ನು ಹೊರಎಲೆಯ ಮೇಲೆ ಒಮ್ಮೆ ಎಳೆಯಿರಿ. ತೆಳು ಚಹಾಬಣ್ಣ ಬಂದರೆ ಸಹಜ, ಯಾವ ಮಾಗಿದ ಎಲೆಯೂ ಅಷ್ಟು ಬಣ್ಣ ಬಿಡುತ್ತದೆ. ಮಸಿಯಂತೆ ಕಪ್ಪು ಬಂದು, ಒರೆಸಿದ ಜಾಗ ಬಿಳಿಚಿಕೊಂಡರೆ ಬಣ್ಣ ಹಚ್ಚಿದ ಅನುಮಾನ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಕಾಯುವ ಬದಲು ಎಲೆಯನ್ನು ಬೇಯಿಸಿ, ಬಣ್ಣ ಸವರಿ ಕಪ್ಪಾಗಿಸುವ ಅಡ್ಡದಾರಿ ಈ ಕಸುಬಿನಲ್ಲಿ ಇದ್ದೇ ಇದೆ. ಇಡೀ ಮೈ ಒಂದೇ ಕಪ್ಪು, ನರವೂ ಅಷ್ಟೇ ಕಪ್ಪು, ಮೂಸಿದರೆ ತಂಬಾಕಿಗಿಂತ ಸಿಹಿಪಾಕದ ವಾಸನೆ: ಮೂರೂ ಕೂಡಿದರೆ ಸೇದಬೇಡಿ, ವಾಪಸ್ ಕೊಡಿ.

ಉರಿ ಸರಿಯಿದೆ, ರುಚಿ ಮಾತ್ರ ಬಣ್ಣಕ್ಕೆ ತಕ್ಕಂತಿಲ್ಲ

‘ಇಷ್ಟು ಕಪ್ಪಾಗಿದೆ, ಆದರೂ ಖಾರವಿಲ್ಲ’ ಎಂಬ ದೂರು ಸಿಗಾರಿನದಲ್ಲ, ನಿರೀಕ್ಷೆಯದು. ಕಪ್ಪು ಬಣ್ಣ ಹೇಳುವುದು ಮಾಗಿಸಿದ ಬಗೆಯನ್ನು. ಖಾರ ಬರುವುದು ಒಳಗಿನ ಲಿಗೆರೊದಿಂದ. ಒಳ್ಳೆಯ ಮಡೂರೊ ಹಲವು ಸಲ ತಿಳಿಬಣ್ಣದ ಸಿಗಾರಿಗಿಂತ ಮೆದುವಾಗಿರುತ್ತದೆ: ಹುರಿದ ಕಾಫಿಬೀಜ, ಕೋಕೋ, ಪಾಕಕ್ಕೆ ಬಂದ ಬೆಲ್ಲ, ಒಣದ್ರಾಕ್ಷಿ, ಮಳೆ ಬಿದ್ದ ಮಣ್ಣು. ನಿಕರಾಗುವಾದ ಎಸ್ತೆಲಿ ಕಣಿವೆಯ ಎಲೆ ಒಳಗಿದ್ದರೆ ಕರಿಮೆಣಸಿನ ಚುರುಕೂ ಸೇರಬಹುದು.

ದಪ್ಪ ಹೆಚ್ಚಿದಷ್ಟೂ ಹೊರಎಲೆಯ ಪಾಲು ಕಡಿಮೆಯಾಗುತ್ತದೆ. ಸುತ್ತಳತೆ ವ್ಯಾಸದಷ್ಟೇ ಬೆಳೆಯುತ್ತದೆ, ಒಳಗಿನ ರಾಶಿ ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಅಂದರೆ ಅದೇ ಮಡೂರೊ ಎಲೆಯ ರುಚಿ ಬೇಕಿದ್ದವರು 60 ರಿಂಗ್ ಬಿಟ್ಟು 46 ರಿಂಗಿನದನ್ನು ಕೊಂಡರೆ ಹೆಚ್ಚು ಸಿಗುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ.

ರುಚಿ ಸಪ್ಪೆಯೆನಿಸಿದರೆ ಮೊದಲು ಬಾಯಿ ನೋಡಿ. ಊಟದ ಉಪ್ಪಿನಕಾಯಿ, ಪುದೀನ, ಸಿಹಿ ಪಾನೀಯ ಯಾವುದು ಜತೆಗಿದ್ದರೂ ತೀರ್ಪು ಹಾಳು, ಬರಿ ನೀರು ಸಾಕು. ಹೊಗೆಯನ್ನು ನುಂಗದೆ, ಬಾಯಲ್ಲಿರುವುದರಲ್ಲಿ ಕಾಲುಭಾಗವನ್ನು ಮೂಗಿನಿಂದ ಹೊರಬಿಡುವವರು ಸೂಕ್ಷ್ಮ ವಾಸನೆ ಹಿಡಿಯುತ್ತಾರೆ. ಗಂಟಲು ಕಟ್ಟಿದರೆ ಅದನ್ನು ಬಿಡಿ.

ಬೂದಿಯ ಬಣ್ಣ ನೋಡಿ ಅಂಕ ಕೊಡಬೇಡಿ. ಬಿಳಿಯೋ ಬೂದುಗಪ್ಪೋ ಎಂಬುದು ಮುಖ್ಯವಾಗಿ ಮಣ್ಣಿನ ಖನಿಜದ ಮಾತು. ಬೂದಿ ಗಟ್ಟಿಯಾಗಿ ಎರಡು ಸೆಂ.ಮೀ.ಯಾದರೂ ನಿಲ್ಲುತ್ತದೆಯೇ ಎಂಬುದು ಹೆಚ್ಚು ಹೇಳುತ್ತದೆ: ನಿಂತರೆ ಒಳಗೆ ಉದ್ದೆಲೆ, ಪದರು ಪದರಾಗಿ ಉದುರಿದರೆ ಚೂರೆಲೆ ಅಥವಾ ಸಡಿಲ ಕಟ್ಟು. ಮೂರು ಭಾಗದಲ್ಲಿ ರುಚಿ ಬದಲಾಯಿತೇ, ಎಷ್ಟು ಸಲ ಲೈಟರ್ ಬೇಕಾಯಿತು, ದಮ್ಮು ಕೊನೆವರೆಗೆ ಒಂದೇ ಸಮ ಇತ್ತೇ, ಇವನ್ನು ಬರೆದಿಟ್ಟುಕೊಳ್ಳಿ.

ಒಂದೇ ಸಿಗಾರಿನಿಂದ ಇಡೀ ಪೆಟ್ಟಿಗೆಯ ತೀರ್ಪು ಕೊಡಬಾರದು. ಅದೇ ಪೆಟ್ಟಿಗೆಯ ಎರಡನೆಯದನ್ನು 65 ಶೇಕಡಾದಲ್ಲಿ ಎರಡು ವಾರ ಇಟ್ಟು, ಬೇರೆ ದಿನ ನೋಡಿ. ಅದು ಸರಿಯಿದ್ದರೆ ಮೊದಲನೆಯದು ಒಂಟಿ ದೋಷ. ಎರಡರಲ್ಲೂ ಅದೇ ಗಂಟು, ಅದೇ ಸುರಂಗ ಬಂದರೆ ಪೆಟ್ಟಿಗೆಯ ದೋಷ. ವಾಪಸ್ ಒಯ್ಯುವಾಗ ಬಿಲ್ಲು, ಪೆಟ್ಟಿಗೆಯ ತಳದ ಮುದ್ರೆ, ದೋಷದ ಸಿಗಾರ್, ಜತೆಗೆ ಹಚ್ಚದ ಒಂದು, ನಾಲ್ಕೂ ಇರಲಿ. ಮುಗಿದ ತುಂಡನ್ನು ಒತ್ತಿ ನಂದಿಸಬೇಡಿ, ಕೋಣೆಯೆಲ್ಲ ಘಾಟು ಹಿಡಿಯುತ್ತದೆ. ಆಶ್‌ಟ್ರೇಯಲ್ಲಿ ಬಿಟ್ಟರೆ ತಾನೇ ಆರುತ್ತದೆ. ಕಸದ ಬುಟ್ಟಿಗೆ ಹಾಕುವ ಮುನ್ನ ನೀರು ಸುರಿದು, ಚುಂಯ್ ಎನ್ನುವುದು ನಿಂತಿತೇ ಎಂದು ಕೇಳಿಸಿಕೊಳ್ಳಿ.